ಗೋರಿ ತೋಡುವ ವೆಂಡೆಲ್ ಮತ್ತು ಜೌಗಿನ ಒಡೆಯ

ರೋರ್‌ಫೆಲ್ಡ್ ಊರಿನವರು ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬರುವ ಹೊತ್ತಿಗೆ ಡಂಗುರ ಬಡಿಯಿತು.

"ಕೇಳ್ರಪ್ಪೋ ಕೇಳಿ. ದೊರೆಗಳು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿದವನು ಕೇಳಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಸುಗ್ಗಿಯೊಳಗೆ ಯಾರೂ ಬಿಡಿಸದಿದ್ದರೆ ಈ ಊರಿನ ನೆಲ ದೊರೆಗಳದ್ದು, ಇಲ್ಲಿನ ಜನ ದೊರೆಗಳ ಜೀತದಾಳುಗಳು."

ದೊರೆಯ ಹೊಟ್ಟೆಯುರಿ ಹಳೆಯದು. ಅವನ ಅಜ್ಜನ ಕಾಲದಲ್ಲಿ ಅದೆಲ್ಲ ಜೊಂಡು ಬೆಳೆದ ಜೌಗು. ಜರ್ಮನಿಯ ಬಡ ಕುಟುಂಬಗಳು ದೋಣಿಯಲ್ಲಿ ಹೊಳೆ ಇಳಿದು ಬಂದಾಗ ಅಜ್ಜ, "ಒಣಗಿಸಿಕೊಳ್ಳಿ, ಒಣಗಿದ್ದೆಲ್ಲ ನಿಮ್ಮದೇ" ಎಂದಿದ್ದ. ಹೇಗೂ ಒಣಗುವುದಿಲ್ಲ ಎಂಬ ಧೈರ್ಯ ಅವನದು. ಬಂದವರು ಕಾಲುವೆ ತೋಡಿದರು, ಹೊಳೆಯಂಚಿಗೆ ಏರಿ ಕಟ್ಟಿದರು. ಪ್ರತಿ ವಸಂತದಲ್ಲಿ ಮನೆಗೊಬ್ಬರು ನಿಂತು ಏರಿಗೆ ಮಣ್ಣು ಮೆತ್ತುವುದು ಊರಿನ ಕಟ್ಟಳೆಯಾಯಿತು. ಮೊಮ್ಮಗ ಪಟ್ಟಕ್ಕೆ ಬರುವಾಗ ಅಲ್ಲಿ ಎದೆಯೆತ್ತರದ ಗೋಧಿ. ಈ ಮಹಾರಾಯ ಒಣಗಿದ ತಗ್ಗಿನಲ್ಲೇ ಹೊಸ ಅರಮನೆಯನ್ನೂ ಕಟ್ಟಿಸಿಕೊಂಡ. ಅಜ್ಜನ ಮಾತನ್ನು ನೇರವಾಗಿ ಮುರಿಯಲು ಎದೆಗಾರಿಕೆ ಇರಲಿಲ್ಲ, ಅದಕ್ಕೇ ಈ ಒಗಟಿನ ನಾಟಕ.

ಊರಿನ ಇನ್ನೊಂದು ಕಟ್ಟಳೆಯೂ ಅವನಿಗೆ ಗೊತ್ತಿತ್ತು. ರೋರ್‌ಫೆಲ್ಡ್‌ನವರು ಮೊದಲ ವರ್ಷಗಳ ಸುದ್ದಿ ಎತ್ತುತ್ತಿರಲಿಲ್ಲ. ಎತ್ತಿದರೆ ಆಗ ಹಲವರನ್ನು ಕೊಂದ ಜೌಗಿನ ಜ್ವರ ಮರಳಿ ಬರುತ್ತದೆಂದು ಅಜ್ಜಿಯರು ಮಕ್ಕಳ ಬಾಯಿ ಮುಚ್ಚಿಸುತ್ತಿದ್ದರು. ಹಾಗಾಗಿ ಊರು ತನ್ನ ಕತೆಯನ್ನೇ ಮರೆತಿತ್ತು. ಆದರೆ ದೊರೆಗೆ ಅವನ ಅಜ್ಜ ಎಲ್ಲ ಹೇಳಿದ್ದ.

ಮೊದಲು ಹೋದವರು ಊರಿನ ಮುಖಂಡ ಗಾಟ್‌ಫ್ರೀಡ್. ಆಮೇಲೆ ಬಹುಮಾನದ ಆಸೆಗೆ ಪರವೂರಿನ ಕುದುರೆ ವ್ಯಾಪಾರಿಯೊಬ್ಬ ಹೋದ. ಇಬ್ಬರ ತಲೆಯೂ ಅರಮನೆ ಬಾಗಿಲಿನ ಗೂಟವೇರಿತು. ಮೂರನೆಯವನು ಲೊರೆನ್ಸ್. ಒಗಟು ಏನೆಂದು ತಿಳಿದು ಜೀವಂತ ಮರಳಿದವರಿಲ್ಲ, ಸಭೆಯಲ್ಲಿದ್ದವರು ದೊರೆಗೆ ಹೆದರಿ ಬಾಯಿ ಬಿಡುತ್ತಿರಲಿಲ್ಲ, ಹಾಗಾಗಿ ಯಾರಿಗೂ ಸುಳಿವೇ ಇರಲಿಲ್ಲ.

ಲೊರೆನ್ಸನ ತಮ್ಮ ವೆಂಡೆಲ್ ಊರಿನ ಗೋರಿ ತೋಡುವವನು. ಮದುವೆ ಮನೆಯಲ್ಲಿ ಅವನನ್ನು ಬಾಗಿಲ ಹೊರಗೆ ಕೂರಿಸಿ ಬಡಿಸುತ್ತಿದ್ದರು. ಅಣ್ಣನ ಮುಂಡ ಗಾಡಿಯಲ್ಲಿ ಬಂದಾಗ ಗುಂಡಿ ತೋಡಿದ್ದೂ ಅವನೇ.

"ಒಬ್ಬನನ್ನ ಕಳಕೊಂಡಿದ್ದೀನಿ, ನೀನು ಹೋಗಬೇಡ ಕಣೋ" ಎಂದು ತಾಯಿ ಅಡ್ಡ ನಿಂತಳು.

"ಅಣ್ಣನ್ನ ತಲೆ ಇಲ್ಲದೆ ಹೂತಿದ್ದೀನಮ್ಮ. ಆ ತಲೆ ತರಬೇಕು."

ತಾಯಿಗೆ ಹೇಳದ ಮಾತೊಂದಿತ್ತು. ಅವನು ಹೊರಟದ್ದು ಒಗಟು ಬಿಡಿಸುವುದಕ್ಕಲ್ಲ, ದೊರೆಯ ಕುತ್ತಿಗೆ ಹಿಸುಕುವುದಕ್ಕೆ.

ತುಂಬಿದ ಸಭೆಯಲ್ಲಿ ದೊರೆ ಕೇಳಿದ: "ನೀರಿನ ಮೇಲೆ ನಿಮಗೆ ಮನೆಯಾಗಿತ್ತು, ನೆಲದ ಮೇಲೆ ತೊಟ್ಟಿಲಾಯಿತು, ನೆಲದೊಳಗೆ ಹಾಸಿಗೆಯಾಯಿತು. ಏನದು? ನಿಮ್ಮ ಮುಖಂಡ ಜೊಂಡು ಅಂದ."

ಮುಂದಕ್ಕೆ ಹಾರಲಿದ್ದ ವೆಂಡೆಲ್ ನಿಂತುಬಿಟ್ಟ. ಜ್ವರದಲ್ಲಿ ಸತ್ತವರ ಮೇಲೆ ಗುದ್ದಲಿ ಬೀಳಬಾರದೆಂದು, ಅವರು ಎಲ್ಲಿ ಹೇಗೆ ಮಲಗಿದ್ದಾರೆಂದು ಗುದ್ದಲಿ ಹಿಡಿಯುವ ಮಗನಿಗೆ ಮಾತ್ರ ತಂದೆ ಹೇಳುವುದು ಅವರ ಮನೆಯ ವಾಡಿಕೆ.

"ದೋಣಿ" ಎಂದ. "ಜೌಗಿನಲ್ಲಿ ಮರ ಇರಲಿಲ್ಲ. ನಾವು ಬಂದ ದೋಣಿ ಒಡೆದೇ ತೊಟ್ಟಿಲು ಮಾಡಿದ್ರು. ಮಕ್ಕಳು ಸತ್ತಾಗ ಅದೇ ಹಲಗೆ ಪೆಟ್ಟಿಗೆ ಆಯ್ತು."

ದೊರೆಯ ಮುಖ ಗಂಟಿಕ್ಕಿತು. "ಹಸಿದವರು ಅದನ್ನು ತಲೆದಿಂಬು ಮಾಡಿಕೊಂಡು ಸತ್ತರು, ಮುಟ್ಟಲಿಲ್ಲ. ಅವರು ಮುಟ್ಟದ್ದಕ್ಕೇ ನೀವು ಇವತ್ತು ಉಣ್ಣುತ್ತಿದ್ದೀರಿ. ಏನದು? ನಿನ್ನ ಅಣ್ಣ ಇಲ್ಲಿ ಎಡವಿದ. ದೇವರ ಪ್ರಸಾದ ಅಂದ."

ಆ ಕತೆ ಅಣ್ಣನಿಗೆ ಗೊತ್ತಿರಲಿಲ್ಲ, ವೆಂಡೆಲನಿಗೆ ಗೊತ್ತಿತ್ತು. ತಾನು ಒಂದು ಮಾತು ಹೇಳಿದ್ದರೆ ಅಣ್ಣ ಬದುಕುತ್ತಿದ್ದ. ಅವನಿಗೆ ದೊರೆಯ ಮೇಲಿನ ಸಿಟ್ಟು ಇಮ್ಮಡಿಯಾಯಿತು, ಆದರೆ ಈಗ ಅದು ತಣ್ಣಗಿನ ಸಿಟ್ಟು.

"ಬಿತ್ತನೆ ಗೋಧಿ. ಮಕ್ಕಳು ಹಸಿವಿಂದ ಸಾಯ್ತಿದ್ರೂ ಚೀಲ ಬಿಚ್ಚಲಿಲ್ಲ. ನಮ್ಮೋರು ಬಾಯಿ ಬಿಡದೇ ಇದ್ದದ್ದು ಜ್ವರಕ್ಕೆ ಹೆದರಿ ಅಲ್ಲ ದೊರೆಗಳೇ, ಆ ನಾಚಿಕೆಗೆ."

"ಕೊನೆಯದು. ಈ ನೆಲದ ಮೊದಲ ಒಡೆಯ. ಸೋತ, ಆದರೆ ಊರು ಬಿಡಲಿಲ್ಲ. ಬೇಲಿಯಾಚೆ ನಿಂತು ಇವತ್ತಿಗೂ ಕಾಯುತ್ತಿದ್ದಾನೆ. ಯಾರವನು?"

ತನ್ನ ಅಜ್ಜನ ಹೆಸರು ಹೇಳಲಿ ಎಂದು ದೊರೆ ಕಾದ. ವೆಂಡೆಲ್, "ನೀರು" ಎಂದ. "ನಾನು ತೋಡೋ ಪ್ರತಿ ಗುಂಡಿ ತಳದಲ್ಲೂ ಮುಖ ತೋರಿಸ್ತಾನೆ. ಏರಿಯಾಚೆ ಹೊಳೆಯಾಗಿ ನಿಂತಿದ್ದಾನೆ."

ಸಭೆ ಕಣ್ಣು ಪಿಳುಕಿಸದೆ ನೋಡುತ್ತಿತ್ತು. ಅವರೆದುರು ದೊರೆ ಇಲ್ಲವೆನ್ನುವಂತಿರಲಿಲ್ಲ. "ಏನು ಬೇಕು ಕೇಳು."

"ಗೂಟದ ಮೇಲಿರೋ ತಲೆಗಳು ಬೇಕು. ಆಮೇಲೆ ನಮ್ಮೂರಿನವರೆಲ್ಲ ಈ ರಾಜ್ಯ ಬಿಟ್ಟು ಹೋಗೋಕೆ ಅಪ್ಪಣೆ."

"ನೆಲ ಬೇಡವೇ?"

"ನಿಮಗೇ ಇರಲಿ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಊರಿನವರು ಮಾತ್ರ ವೆಂಡೆಲನ ಮೇಲೆ ಹರಿಹಾಯ್ದರು: "ಹಿರೀಕರ ನೆಲ ಬಿಟ್ಟು ಹೋಗೋದಾ?" ಅವನು ಇಗರ್ಜಿಯ ಮೆಟ್ಟಿಲ ಮೇಲೆ ನಿಂತು, ಅಪ್ಪ ಹೇಳಿದ ಕತೆಯನ್ನೆಲ್ಲ ಹೇಳಿದ. ದೋಣಿ, ಪೆಟ್ಟಿಗೆ, ಬಿಚ್ಚದ ಚೀಲ, ಸತ್ತ ಮಕ್ಕಳ ಹೆಸರು. ಹೆಂಗಸರು ಬಿಕ್ಕಿಬಿಕ್ಕಿ ಅತ್ತರು. "ನೆಲ ಮಾಡಿದ್ದು ನಮ್ಮ ಕೈ. ಕೈ ನಮ್ಮ ಜತೆ ಬರುತ್ತೆ. ದೊರೆಗೆ ಅವನ ಅಜ್ಜ ನಮಗೆ ಕೊಟ್ಟದ್ದನ್ನೇ ವಾಪಸ್ ಕೊಡೋಣ" ಎಂದಾಗ ಎಲ್ಲರಿಗೂ ಅರ್ಥವಾಯಿತು.

ಅವರು ಏನನ್ನೂ ಒಡೆಯಲಿಲ್ಲ. ಬಿತ್ತನೆ ಚೀಲ, ಗುದ್ದಲಿ, ಮಕ್ಕಳು, ಮುದುಕರನ್ನು ಗಾಡಿಗೇರಿಸಿ ಪಕ್ಕದ ರಾಜ್ಯದ ದಿಬ್ಬದ ಮೇಲೆ ಬೀಡುಬಿಟ್ಟರು. ನೀರು ಸೇರುವ ನೆಲದಲ್ಲಿ ಬೇಡವೆಂದು ವೆಂಡೆಲ್ ಮೂರು ತಲೆಗಳನ್ನೂ ಅಲ್ಲೇ ಮಣ್ಣು ಮಾಡಿದ. ಕುದುರೆ ವ್ಯಾಪಾರಿಗೂ ಎರಡು ಹನಿ ಕಣ್ಣೀರು ಹಾಕಿದ. ಹೊಸ ಊರಿನಲ್ಲಿ ಅವನೇ ಮುಖಂಡನಾದ.

ವಸಂತ ಬಂತು, ಹಿಮ ಕರಗಿತು. ಏರಿಗೆ ಮಣ್ಣು ಮೆತ್ತುವವರು ಇರಲಿಲ್ಲ. ದೊರೆ ಸೈನಿಕರ ಕೈಗೆ ಗುದ್ದಲಿ ಕೊಟ್ಟ, ಅವರು ಏರಿಯ ಬುಡವನ್ನೇ ಅಗೆದು ಆ ಮಣ್ಣನ್ನು ಏರಿಯ ಮೇಲೆ ಸುರಿದರು, ಏರಿ ಕುಸಿಯಿತು. ಹಳೆಯ ಒಡೆಯ ಗೋಧಿ ಹೊಲ ದಾಟಿ, ಅರಮನೆಯ ಮೆಟ್ಟಿಲು ಹತ್ತಿ ಒಳಗೆ ಬಂದ.

ದೊರೆ ದೋಣಿಯಲ್ಲಿ ದಿಬ್ಬಕ್ಕೆ ಬಂದ. ಕೆಸರು ಮೆತ್ತಿದ ಬೂಟಿನಲ್ಲೇ ಕೈ ಮುಗಿದ.

"ನೆಲವೆಲ್ಲ ನಿಮ್ಮದೇ. ವಾಪಸ್ ಬನ್ನಿ. ಏರಿ ಕಟ್ಟಿ."

ವೆಂಡೆಲ್ ಅವನನ್ನು ತೃಪ್ತಿಯಾಗುವಷ್ಟು ಹೊತ್ತು ನೋಡಿದ.

"ಏರಿ ಕೆಲಸ ಬಿಟ್ಟಿದ್ದೀವಿ ದೊರೆಗಳೇ. ಗೋರಿ ತೋಡೋದನ್ನ ಮಾತ್ರ ನಾನಿನ್ನೂ ಬಿಟ್ಟಿಲ್ಲ. ನಿಮಗೆ ಬೇಕಾದಾಗ ಹೇಳಿ ಕಳಿಸಿ, ಖಂಡಿತ ಬರ್ತೀನಿ. ಆದರೆ ನಿಮ್ಮ ರಾಜ್ಯದಲ್ಲಿ ಒಣಗಿದ ಜಾಗ ನೀವೇ ಹುಡುಕಿಡಬೇಕು."