ಸ್ಮಾರಕದ ಕಟ್ಟೆಯೂ ಶಾಲೆಯ ಗಂಟೆಯೂ

ಒಂದು ಹಳ್ಳಿ ಶಾಲೆಯ ಅಂಗಳದಲ್ಲಿ ಹೊಸದಾಗಿ ಕಲ್ಲಿನ ಕಟ್ಟೆಯೊಂದು ಎದ್ದಿತು. ಅದೇ ಶಾಲೆಯಲ್ಲಿ ಓದಿ, ಸೈನ್ಯ ಸೇರಿ ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದರು. ಕಟ್ಟೆಗೆ ಜಂಬ ಬರಲು ಅಷ್ಟೇ ಸಾಕಾಯಿತು.

ಆದರೆ ಬಿಡುವಿನ ಹೊತ್ತಾದರೆ ಸಾಕು, ಮಕ್ಕಳು ಕಲ್ಲು-ಮಣ್ಣು ಆಟಕ್ಕೆ ಓಡಿಬರುತ್ತಿದ್ದರು. ಮಣ್ಣಿನಲ್ಲಿ ನಿಂತವರನ್ನು ಹಿಡಿಯಬಹುದು, ಕಲ್ಲು ಹತ್ತಿದವರನ್ನು ಮುಟ್ಟುವಂತಿಲ್ಲ. "ಕಲ್ಲು ಹತ್ತೇನಿ, ಮುಟ್ಟಂಗಿಲ್ಲ!" ಎಂದು ಕೂಗುತ್ತಾ ಎಲ್ಲರೂ ಕಟ್ಟೆಯ ಮೇಲೆಯೇ ಏರುತ್ತಿದ್ದರು.

"ಗಂಟೆಯಣ್ಣಾ, ಬೇಗ ಬಾರಿಸು! ಈ ಧೂಳುಗಾಲಿನ ಪಡೆ ಒಳಗೆ ಹೋಗಲಿ. ವೀರರ ಹೆಸರಿಗೆ ಮರ್ಯಾದೆ ಬೇಡವೇ?" ಎಂದು ಕಟ್ಟೆ ಸಿಡುಕಿತು.

ಬೇವಿನ ಕೊಂಬೆಗೆ ತೂಗುತ್ತಿದ್ದ ಹಳೆಯ ಗಂಟೆ ನಕ್ಕಿತು. "ತಮ್ಮಾ, ನಿನ್ನ ಮೇಲಿನ ಮೊದಲ ಹೆಸರು ಭರಮಪ್ಪನದು. ಅವನೂ ಇಲ್ಲಿ ಇದೇ ಆಟ ಆಡಿದವನು. ಆಗ ಅಂಗಳದಲ್ಲಿ ಇದ್ದದ್ದು ಒಂದೇ ಚಪ್ಪಡಿ. ಚಿಕ್ಕವರನ್ನೆಲ್ಲ ಎತ್ತಿ ಅದರ ಮೇಲೆ ನಿಲ್ಲಿಸಿ, ತಾನು ಮಾತ್ರ ಮಣ್ಣಿನಲ್ಲೇ ಉಳಿಯುತ್ತಿದ್ದ. ದಿನಾ ಸಿಕ್ಕಿಬೀಳುತ್ತಿದ್ದ, ದಿನಾ ನಗುತ್ತಿದ್ದ. ದೊಡ್ಡವನಾಗಿ ಗಡಿಯಲ್ಲಿ ಮಾಡಿದ್ದೂ ಅದನ್ನೇ."



ಮರುದಿನ ಬಿಡುವು ಮುಗಿಯಿತು. ಗಂಟೆ ಇನ್ನೇನು ಬಾರಿಸಬೇಕು, ಅಷ್ಟರಲ್ಲಿ ಕಟ್ಟೆ ಕೂಗಿಕೊಂಡಿತು: "ಅಣ್ಣಾ, ತಾಳು, ತಾಳು! ಆ ಪುಟ್ಟ ಹುಡುಗಿ ಇನ್ನೂ ಮಣ್ಣಿನಲ್ಲೇ ಇದ್ದಾಳೆ. ಅವಳೊಬ್ಬಳು ಹತ್ತಿಬಿಡಲಿ!"