ಅಕ್ಕನ ಕೋಣೆಯ ತಂಪು

ಶಾಂಭವಿ ಎಂಬ ಶಿಷ್ಯೆ ಗುರುಗಳನ್ನು ಕೇಳಿದಳು:

"ಗುರುಗಳೇ, ನನ್ನ ಮಗಳಿಗೆ ನಾನು ಯಾವುದನ್ನೂ ಕಡಿಮೆ ಮಾಡಿದವಳಲ್ಲ. ಮದುವೆಯಾಗಿ ಹೋದಂದಿನಿಂದ ಹಬ್ಬ ಹಬ್ಬಕ್ಕೂ ಸೀರೆ, ಪಾತ್ರೆ, ತಿಂಡಿ ಕಳಿಸುತ್ತ ಬಂದಿದ್ದೇನೆ. ಎಲ್ಲವನ್ನೂ ಇಟ್ಟುಕೊಳ್ಳುತ್ತಾಳೆ. ಬಂದು ನಾಲ್ಕು ದಿನ ನನ್ನ ಜೊತೆ ಇರು ಎಂದರೆ ಮಾತ್ರ ಬರುವುದಿಲ್ಲ. ಬೀದಿಯಲ್ಲಿ ಆಟೋ ನಿಂತ ಸದ್ದಾದರೆ ಈಗಲೂ ಎದ್ದು ನೋಡುತ್ತೇನೆ. ನನ್ನ ಪ್ರೀತಿಯಲ್ಲಿ ಏನು ಕೊರತೆಯಿತ್ತು?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ತಾಯಿ ತೀರಿಕೊಂಡಾಗ ಅವನು ತೀರ ಚಿಕ್ಕವನು. ಅವನನ್ನು ಸಾಕಿದವಳು ಅಕ್ಕ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವನಿಗೆ ನಿದ್ದೆ ಹತ್ತುವವರೆಗೆ ಅವಳು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಆಮೇಲೆ ಮದುವೆಯಾಗಿ ದೂರದ ಊರಿಗೆ ಹೋದಳು. ವರ್ತಕ ಬೆಳೆದ, ವ್ಯಾಪಾರವೂ ಬೆಳೆಯಿತು. ಅಕ್ಕ ಬಂದು ತನ್ನೊಡನೆ ಇರಬೇಕೆಂಬ ಆಸೆ ಇದ್ದ ಹಾಗೆಯೇ ಉಳಿಯಿತು. ಅವಳ ಗಂಡ ತೀರಿಕೊಂಡ ಮೇಲೆ ವರ್ತಕ ಹೇಳಿಕಳಿಸಿದ. ಅವಳು, "ನಿನ್ನ ಹೊಸ ಮನೆ ಮುಗಿಯಲಿ, ಬಂದು ಇದ್ದು ನೋಡುತ್ತೇನೆ. ನನಗೆ ಹೊಂದಿಕೆಯಾದರೆ ಉಳಿಯುತ್ತೇನೆ" ಎಂದಳು. ಅಂದಿನಿಂದ ವರ್ತಕನಿಗೆ ಆ ಮನೆಯ ಹೊರತು ಬೇರೆ ಯೋಚನೆ ಇರಲಿಲ್ಲ.

ಆ ಮನೆಯ ಬಗ್ಗೆ ಆ ಸೀಮೆಯಲ್ಲಿ ಅನೇಕ ಮಾತುಗಳಿವೆ. ಅದು ಉಸಿರಾಡುತ್ತಿತ್ತು ಎನ್ನುತ್ತಾರೆ, ಒಳಗಿದ್ದವರ ಮನಸ್ಸನ್ನು ಓದುತ್ತಿತ್ತು ಎನ್ನುತ್ತಾರೆ. ಇಟ್ಟಿಗೆಯ ಮನೆ ಉಸಿರಾಡುವುದಿಲ್ಲ. ಅಲ್ಲಿ ಯಂತ್ರಗಳಿದ್ದವು. ತಾರಸಿಯ ಮೇಲೆ ನೀರನ್ನು ತಂಪು ಮಾಡುವ ಯಂತ್ರ, ಆ ನೀರು ಹರಿಯಲು ಕೊಳವೆ, ಗಾಳಿ ಹರಿಯಲು ತಗಡಿನ ಡಕ್ಟ್. ಪ್ರತಿ ಕೋಣೆಯ ಗೋಡೆಯ ಮೇಲೂ ಅಂಗೈಯಗಲದ ಒಂದು ಪೆಟ್ಟಿಗೆ. ಅದರೊಳಗಿನ ಸೆನ್ಸರ್ ಆ ಕೋಣೆಯ ಸೆಕೆಯನ್ನು ಅಳೆದು ತಂತಿಯ ಮೂಲಕ ಸುದ್ದಿ ಕಳಿಸುತ್ತಿತ್ತು. ಸುದ್ದಿ ಬಂದಂತೆ ಆ ಕೋಣೆಗೆ ತಂಪು ನೀರು ಬಿಡುವ ವಾಲ್ವ್ ತೆರೆಯುತ್ತಿತ್ತು, ಇಲ್ಲವೇ ಮುಚ್ಚುತ್ತಿತ್ತು. ಅಷ್ಟೇ.

ಆದರೆ ಕೊಳವೆಯ ಕೆಲಸದವನು ಒಬ್ಬ, ಡಕ್ಟಿನ ಕೆಲಸದವನು ಇನ್ನೊಬ್ಬ, ತಂತಿಯ ಕೆಲಸದವನು ಮತ್ತೊಬ್ಬ.

"ನನ್ನ ತಂತಿಯ ದಾರಿಗೆ ಅಡ್ಡಲಾಗಿ ಇವನ ಡಕ್ಟ್ ಎಮ್ಮೆಯ ಹಾಗೆ ಮಲಗಿದೆ" ಎಂದು ತಂತಿಯವನು ದೂರಿದರೆ, "ಎಮ್ಮೆ ಮೊದಲು ಬಂದು ಮಲಗಿದೆಯಪ್ಪ, ನೀನೇ ಸುತ್ತಿಕೊಂಡು ಹೋಗು" ಎಂದು ಡಕ್ಟಿನವನು ನಗುತ್ತಿದ್ದ.

ಇವರೆಲ್ಲರ ಕೆಲಸವನ್ನು ಒಂದಕ್ಕೊಂದು ಹೊಂದಿಸಲು ವರ್ತಕ ಒಬ್ಬ ಸಂಯೋಜಕಿಯನ್ನು ನೇಮಿಸಿದ್ದ. ಅವಳದೊಂದು ಕ್ರಮವಿತ್ತು. ಪ್ರತಿಯೊಂದು ಕೋಣೆಯಲ್ಲೂ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು ಕೇಳುತ್ತಿದ್ದಳು: "ಈ ಕೋಣೆಗೆ ಸೆಕೆಯಾದರೆ ಮೊದಲು ಯಾವುದಕ್ಕೆ ತಿಳಿಯುತ್ತದೆ? ಅದು ಯಾವುದಕ್ಕೆ ಹೇಳುತ್ತದೆ? ಇನ್ನು ಸಾಕು ಎನ್ನುವುದು ಯಾವುದು?" ಎಲ್ಲಕ್ಕೂ ಉತ್ತರ ಸಿಗುವವರೆಗೆ ಗೋಡೆಗೆ ಗಾರೆ ಹಚ್ಚಲು ಬಿಡುತ್ತಿರಲಿಲ್ಲ.

ಕಡೆಗೆ ಉಳಿದದ್ದು ಅಕ್ಕನ ಕೋಣೆ. ಅದರ ಗೋಡೆಗಳ ಮೇಲೆ ವರ್ತಕ ನದಿ, ತಾವರೆ, ಹಂಸಗಳ ಚಿತ್ರ ಬರೆಸಿದ್ದ. ಪೆಟ್ಟಿಗೆ ಇರಬೇಕಾದ ಜಾಗ ಒಂದು ಹಂಸದ ಕೊರಳಾಗಿತ್ತು.

"ಇಲ್ಲಿ ಬೇಡ, ಅಕ್ಕನ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ. ಪಕ್ಕದಲ್ಲಿ ನನ್ನ ಕೋಣೆಯಿದೆ, ಅಲ್ಲಿ ಹಾಕಿಸಿ" ಎಂದ ವರ್ತಕ.

"ಯಜಮಾನರೇ, ಹಾಗೆ ಮಾಡಿದರೆ ಈ ಕೋಣೆ ನಿಮ್ಮ ಸೆಕೆಗೆ ತಂಪಾಗುತ್ತದೆ, ಅವರ ಸೆಕೆಗಲ್ಲ."

"ಒಂದೇ ತಾಯಿಯ ಮಕ್ಕಳಮ್ಮ ನಾವು. ನನಗೆ ಹಿತವಾದದ್ದು ಅವಳಿಗೂ ಹಿತ. ನನ್ನ ಅಕ್ಕ ನನಗೆ ಗೊತ್ತಿಲ್ಲವೇ?"

ಅವನ ಮುಖದಲ್ಲಿದ್ದ ಹಂಬಲವನ್ನು ಕಂಡು ಸಂಯೋಜಕಿಗೆ ವಾದ ಮುಂದುವರಿಸಲು ಮನಸ್ಸಾಗಲಿಲ್ಲ. ಪೆಟ್ಟಿಗೆ ವರ್ತಕನ ಕೋಣೆಗೆ ಹೋಯಿತು.

ಅಕ್ಕ ಬಂದಳು. ಬೇಸಿಗೆಯಿನ್ನೂ ಮುಗಿದಿರಲಿಲ್ಲ. ಅವಳು ಕೂಗಿದರೆ ಕೇಳಿಸಲಿ, ಓಡಾಡಿದರೆ ಹೆಜ್ಜೆಯ ಸದ್ದು ಕಿವಿಗೆ ಬೀಳಲಿ ಎಂದು ವರ್ತಕ ಹಗಲೂ ರಾತ್ರಿಯೂ ತನ್ನ ಕೋಣೆಯ ಬಾಗಿಲನ್ನೂ ಒಂದು ಕಿಟಕಿಯನ್ನೂ ತೆರೆದೇ ಇಡುತ್ತಿದ್ದ. ಹೊರಗಿನ ಬಿಸಿಗಾಳಿ ಒಳಗೆ ಬರುತ್ತಿತ್ತು. ಅಲ್ಲಿದ್ದ ಪೆಟ್ಟಿಗೆ ಸೆಕೆ ಸೆಕೆ ಎಂದು ಸುದ್ದಿ ಕಳಿಸುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಕ್ಕನ ಮೇಲೆ ತಂಪು ಸುರಿಯುತ್ತಿತ್ತು.

ಬೆಳಗ್ಗೆ ಎದ್ದ ಕೂಡಲೇ ವರ್ತಕ ಅವಳ ಬಾಗಿಲಿಗೆ ಬಂದು, "ತಂಪಾಗಿದೆಯಾ ಅಕ್ಕ?" ಎಂದು ಕೇಳುತ್ತಿದ್ದ. ಸೆಕೆಯಲ್ಲಿ ಬೆವತು ಬಂದವನಿಗೆ ಆ ಹೊಸ್ತಿಲಿನ ತಂಪು ಹಿತವಾಗಿಯೇ ಇರುತ್ತಿತ್ತು. ಅಕ್ಕ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಅವನ ಮುಖ ನೋಡುತ್ತಿದ್ದಳು. "ತಂಪಾಗಿದೆ ಕಣೋ" ಎನ್ನುತ್ತಿದ್ದಳು. ಅದು ಸುಳ್ಳಾಗಿರಲಿಲ್ಲ.

ಅವನು ಅತ್ತ ಹೋದ ಮೇಲೆ ಅವಳು ಹಿತ್ತಲಿನ ಮೆಟ್ಟಿಲಿಗೆ ಹೋಗಿ ಬಿಸಿಲಿಗೆ ಮೊಣಕಾಲು ಚಾಚಿ ಕುಳಿತುಕೊಳ್ಳುತ್ತಿದ್ದಳು. ದಿನವೂ ಅವಳನ್ನು ಅಲ್ಲಿಯೇ ಕಂಡು, ತನ್ನ ಮನೆ ಅವಳಿಗೆ ರುಚಿಸಲಿಲ್ಲವೇನೋ ಎಂದು ವರ್ತಕ ಕಳವಳಗೊಂಡ. ಏನೆಂದು ಕೇಳಲು ಅಳುಕಿದ. ಮುಚ್ಚಿದ್ದ ಇನ್ನೊಂದು ಕಿಟಕಿಯನ್ನೂ ತೆರೆದು, ಅವಳ ಸದ್ದಿಗಾಗಿ ಇನ್ನಷ್ಟು ಕಿವಿಗೊಟ್ಟು ಕುಳಿತ. ಅವಳ ಕೋಣೆ ಇನ್ನಷ್ಟು ತಣ್ಣಗಾಯಿತು.

ಒಂದು ದಿನ ಅಕ್ಕ ಗಂಟು ಕಟ್ಟಿಕೊಂಡು ಹೊರಟು ನಿಂತಳು.

"ಇಲ್ಲಿ ಏನು ಕೊರತೆ ಅಕ್ಕ?"

"ಕೊರತೆ ಏನೂ ಇಲ್ಲವೋ. ಮನೆ ಚೆನ್ನಾಗಿದೆ. ನಿನಗೆ ಹೇಳಿ ಮಾಡಿಸಿದ ಹಾಗಿದೆ."

"ನಿನಗಾಗಿ ಕಟ್ಟಿಸಿದ್ದು!"

ಅವಳು ಅವನ ತಲೆ ನೇವರಿಸಿ, ಹೊರಟುಹೋದಳು.

ಅವಳು ಹೋದ ಮೇಲೆ ವರ್ತಕ ಮೊದಲ ಸಲ ಆ ಕೋಣೆಯಲ್ಲಿ ಬಹಳ ಹೊತ್ತು ಕುಳಿತ. ಕೈಕಾಲು ಮರಗಟ್ಟಿದವು. ಯಂತ್ರ ಕೆಟ್ಟಿದೆಯೆಂದು ಸಂಯೋಜಕಿಯನ್ನು ಕರೆಸಿದ. ಅವಳು ಕೊಳವೆ ನೋಡಿದಳು, ಡಕ್ಟ್ ನೋಡಿದಳು, ತಂತಿ ನೋಡಿದಳು.

"ಯಾವುದೂ ಕೆಟ್ಟಿಲ್ಲ ಯಜಮಾನರೇ" ಎಂದಳು. "ನಿಮಗೆ ಸೆಕೆಯಾದಾಗಲೆಲ್ಲ ಈ ಕೋಣೆ ತಪ್ಪದೆ ತಂಪಾಗಿದೆ."

ವರ್ತಕ ತಾನೇ ಉಳಿ ಹಿಡಿದು ಹಂಸದ ಕೊರಳನ್ನು ಕೆತ್ತಿ ತೆಗೆದ. ಪೆಟ್ಟಿಗೆಯನ್ನು ಅಲ್ಲಿಗೆ ತರಿಸಿದ. ಅಂದಿನಿಂದ ಅದು ಆ ಕೋಣೆಯ ಸುದ್ದಿಯನ್ನು ಸರಿಯಾಗಿ ಕಳಿಸುತ್ತಿದೆ. ಕೋಣೆಯಲ್ಲಿ ಯಾರೂ ಇಲ್ಲ.

ಆ ಊರಿನವರು, ಮುಂದೆ ಅಕ್ಕ ಮರಳಿ ಬಂದಳು, ಅವಳ ಕಾಲು ಸೋಕಿದೊಡನೆ ಹಂಸದ ಕೊರಳು ತಾನಾಗಿ ಮೂಡಿತು ಎಂದು ಹೇಳುತ್ತಾರೆ. ಹಾಗೆ ಹೇಳುವ ಒಬ್ಬೊಬ್ಬರನ್ನೂ ನಾನು ವಿಚಾರಿಸಿದ್ದೇನೆ. ಅವಳನ್ನು ಕಣ್ಣಾರೆ ಕಂಡವರು ಯಾರೂ ಸಿಗಲಿಲ್ಲ. ವರ್ತಕ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದುದನ್ನು ಮಾತ್ರ ಎಲ್ಲರೂ ಕಂಡಿದ್ದಾರೆ.

ಗುರುಗಳು ಕತೆ ನಿಲ್ಲಿಸಿದರು.

ಶಾಂಭವಿ ಕಣ್ಣೊರೆಸಿಕೊಂಡಳು. "ಆದರೂ ಗುರುಗಳೇ, ತನಗೆ ಚಳಿಯಾಗುತ್ತಿದೆ ಎಂದು ಅಕ್ಕ ಬಾಯಿಬಿಟ್ಟು ಹೇಳಬಹುದಿತ್ತಲ್ಲ" ಎಂದಳು.

"ಇಷ್ಟು ವರ್ಷ ನೀನು ಕಳಿಸಿದ್ದರಲ್ಲಿ, ನಿನ್ನ ಮಗಳು ಬಾಯಿಬಿಟ್ಟು ಬೇಕೆಂದದ್ದು ಯಾವುದು, ತಾಯಿ?" ಎಂದರು ಗುರುಗಳು.