ಹಗ್ಗ ಕಚ್ಚಿ ಆಲಿಸುತ್ತಿದ್ದ ತಿಪ್ಪಕ್ಕ

ಇಸವಿ ಬರೆದಿಡುವವರು ಯಾರೂ ಇರದ ಬಹಳ ಹಿಂದಿನ ಕಾಲ. ಕಲ್ಲುಗುಡ್ಡದ ಬುಡದಲ್ಲಿ ಒಂದು ಊರು. ಆ ಊರಲ್ಲಿ ಸೇದುವ ಬಾವಿಗಳು ಬೇಕಾದಷ್ಟು, ಆದರೆ ಊರಿಗೆಲ್ಲ ಒಂದೇ ಪಾತಾಳಗರಡಿ. ಅದು ಕಮ್ಮಾರರ ಮನೆಯ ತಿಪ್ಪಕ್ಕನದು.

ಪಾತಾಳಗರಡಿ ಎಂದರೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಕಬ್ಬಿಣದ ಬಳೆ, ಅದರ ಸುತ್ತ ಕೊಕ್ಕೆಗಳು. ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟು ತಳದಲ್ಲಿ ಆಡಿಸಿದರೆ, ಬಿದ್ದ ಬಿಂದಿಗೆ ಕೊಕ್ಕೆಗೆ ಸಿಕ್ಕಿ ಮೇಲೆ ಬರುತ್ತದೆ. ತಿಪ್ಪಕ್ಕನ ಗರಡಿಗೆ ಏಳು ಕೊಕ್ಕೆ ಇದ್ದವಂತೆ. ನನ್ನ ಅತ್ತೆ ಹನ್ನೆರಡು ಎನ್ನುತ್ತಿದ್ದರು, ಅವರ ತಂಗಿ ಇಪ್ಪತ್ತೊಂದು ಎನ್ನುತ್ತಿದ್ದರು. ಮೂರನ್ನೂ ಬರೆದಿಟ್ಟಿದ್ದೇನೆ. ಎಲ್ಲರೂ ಒಪ್ಪುವ ಮಾತು ಒಂದೇ: ಅವಳು ಹಗ್ಗವನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಬಾವಿಯ ತಳವನ್ನು ಆಲಿಸುತ್ತಿದ್ದಳಂತೆ. ಕಲ್ಲು ತಾಗಿದರೆ ದವಡೆಗೆ ಬರಿಯ ಪೆಟ್ಟು. ಕಬ್ಬಿಣ ಗೊಣಗುತ್ತಿತ್ತಂತೆ. ಹಿತ್ತಾಳೆ ಹಾಡುತ್ತಿತ್ತಂತೆ. ಬೆಳ್ಳಿ ಮಾತ್ರ ಪಿಸುಗುಟ್ಟುತ್ತಿತ್ತಂತೆ.

ಬೇರೆ ಊರುಗಳಲ್ಲಿ ಗರಡಿ ಬೇಕಾದವರು ಒಂದು ಚೊಂಬನ್ನು ಒತ್ತೆ ಇಟ್ಟು ಒಯ್ಯಬೇಕಿತ್ತು. ತಿಪ್ಪಕ್ಕ ಚೊಂಬು ಕೇಳಲಿಲ್ಲ. ಚಿಕ್ಕಂದಿನಲ್ಲಿ ಏನು ಕಳೆದುಕೊಂಡೆ, ಅದನ್ನು ಹೇಳಿಟ್ಟು ಒಯ್ಯಿ ಎನ್ನುತ್ತಿದ್ದಳಂತೆ. ಮೀಸೆ ಹೊತ್ತ ಗಂಡಸರು ಮೊದಲು ನಗುತ್ತಿದ್ದರು. ಆಮೇಲೆ ಜಗಲಿಯ ಮೇಲೆ ಕೂತು ತಮ್ಮ ಬುಗುರಿಯ ಕಥೆ ಶುರು ಮಾಡಿದರೆ, ಬಾವಿಗೆ ಬಿದ್ದ ಬಿಂದಿಗೆಯೇ ಮರೆತುಹೋಗುತ್ತಿತ್ತಂತೆ. ಅವಳು ಯಾಕೆ ಕೇಳುತ್ತಿದ್ದಳೋ ಯಾರೂ ಹೇಳುವುದಿಲ್ಲ. ತಿಳಿಯುವ ಆಸೆ ಅಷ್ಟೇ ಎಂದು ನನ್ನ ಎಣಿಕೆ.

ಒಂದು ದಿನ ಓಬಕ್ಕ ಎಂಬವಳು ಗರಡಿಗೆ ಬಂದಳು. ಹಿತ್ತಾಳೆಯ ಆಟದ ಕೊಡ, ನಿಂಬೆಹಣ್ಣಿನಷ್ಟು ಗಾತ್ರದ್ದು, ಕಳೆದದ್ದಲ್ಲ, ತಂಗಿ ಚೌಡಕ್ಕ ಕದ್ದದ್ದು ಎಂದಳು. ಯಾವತ್ತು? ಮನೆಗೆ ಕಲಾಯಿಯವನು ಬಂದ ದಿನ. ಮುಂದಿನ ತಿಂಗಳು ಚೌಡಕ್ಕನ ಬಿಂದಿಗೆ ಬಿತ್ತು. ಎಡಗಾಲಿನ ಬೆಳ್ಳಿ ಗೆಜ್ಜೆ, ಅಕ್ಕನೇ ಕದ್ದಳು ಎಂದಳು. ಯಾವತ್ತು? ಮನೆಗೆ ಕಲಾಯಿಯವನು ಬಂದ ದಿನ.

ಅಕ್ಕನಿಗೆ ಎಂಟು, ತಂಗಿಗೆ ನಾಲ್ಕು ಇದ್ದಾಗ ಬಿಟ್ಟ ಮಾತು ಐವತ್ತು ವರ್ಷವಾದರೂ ಕೂಡಿರಲಿಲ್ಲವಂತೆ. ಇಬ್ಬರೂ ಹುಟ್ಟಿದ ಊರಿಗೇ ಸೊಸೆಯರಾಗಿ, ಒಂದೇ ಗೋಡೆಯ ಆಚೆ ಈಚೆ ಬಾಳುತ್ತಿದ್ದರು. ಹೇಳಲೇಬೇಕಾದ ಮಾತಿದ್ದರೆ ಹಸುವಿಗೆ ಹೇಳುತ್ತಿದ್ದರಂತೆ.

"ಏ ಗೌರಿ, ಆ ಮನೆಯವಳಿಗೆ ಹೇಳು, ಅವಳ ಕೋಳಿ ನನ್ನ ರಾಗಿ ತಿಂತಿದೆ."

"ಏ ಗೌರಿ, ಆ ಮನೆಯವಳಿಗೆ ಹೇಳು, ಕೋಳಿಗೆ ಕಳ್ಳತನ ಕಲಿಸಿದ್ದೇ ಅವಳು."

ಈಗ ಓಬಕ್ಕನ ಕಣ್ಣು ಮಂಜಾಗುತ್ತ ಬಂದಿತ್ತು. ತಂಗಿಯ ಮುಖ ಇನ್ನೆಷ್ಟು ದಿನ ಕಂಡೀತೋ ಎಂಬ ಹಾಗಾಗಿತ್ತು. ತಿಪ್ಪಕ್ಕ ಯಾರಿಗೂ ಕಾರಣ ಹೇಳದೆ ಆ ಇಬ್ಬರ ತವರಿನ ಹಿತ್ತಿಲ ಬಾವಿಗೆ ಗರಡಿ ಬಿಟ್ಟಳಂತೆ.

ಮೊದಲ ದಿನ ಸೌಟು ಬಂತು, ಸುಣ್ಣದ ಡಬ್ಬಿ ಬಂತು, ಬೀಗವಿಲ್ಲದ ಬೀಗದ ಕೈ ಬಂತು. ಎರಡನೆಯ ದಿನ ಊರೇ ಬಂತು. ಗಟ್ಟಿ ಆಳುಗಳೆಲ್ಲ ಕಟ್ಟೆಯ ಸುತ್ತ ಕುಕ್ಕರುಗಾಲಲ್ಲಿ ಕೂತು, ಕೆಸರುಂಡೆ ಮೇಲೆ ಬಂದರೆ ಸಾಕು, ಒಳಗೇನಿದೆ ಎಂದು ನೋಡುವ ಮೊದಲೇ "ನಂದು, ನಂದು!" ಎಂದು ಕೂಗುತ್ತಿದ್ದರಂತೆ. ಅಕ್ಕ ತಂಗಿಯರೂ ಬಂದು ಎದುರುಬದುರು ನಿಂತರು.

ಮೂರನೆಯ ದಿನ ತಿಪ್ಪಕ್ಕ ಹಗ್ಗ ಕಚ್ಚಿ ನಿಂತವಳು ಉಸಿರು ಹಿಡಿದಳು. ಹಲ್ಲಿಗೆ ಎರಡು ದನಿ ಒಟ್ಟಿಗೆ ಬಂದವಂತೆ, ಒಂದು ಹಾಡು, ಒಂದು ಪಿಸುಮಾತು. ಮೊಸರು ತುಂಬಿದ ಗಡಿಗೆಯನ್ನು ನೆಲುವಿನಿಂದ ಇಳಿಸುವಷ್ಟು ಮೆಲ್ಲಗೆ ಎಳೆದಳು. ತೊಳೆದು ನೋಡಿದರೆ, ಪುಟ್ಟ ಹಿತ್ತಾಳೆ ಕೊಡ. ಅದರ ಕೊರಳಿಗೆ ಸುತ್ತಿ ಕೊಂಡಿ ಹಾಕಿದ ಕಪ್ಪಿಟ್ಟ ಬೆಳ್ಳಿ ಗೆಜ್ಜೆ.

"ನನ್ನ ಕೊಡ!" ಎಂದಳು ಅಕ್ಕ. "ನನ್ನ ಗೆಜ್ಜೆ!" ಎಂದಳು ತಂಗಿ.

ಚೌಡಕ್ಕ ಗೆಜ್ಜೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಐವತ್ತನಾಲ್ಕರ ಮುಖದ ಮೇಲೆ ನಾಲ್ಕು ವರ್ಷದ ಕಣ್ಣು ಅರಳಿದವಂತೆ. ಹಸುವನ್ನು ಮರೆತಳು.

"ಅಕ್ಕಾ, ಈಗ ನೆನಪಾಯ್ತು, ದಾರ ಕಣೆ! ಕೊಡದ ಕೊರಳಲ್ಲಿ ದಾರ ನಿಲ್ತಿರಲಿಲ್ಲ, ಜಾರ್ತಿತ್ತು. ಅದಕ್ಕೇ ಗೆಜ್ಜೆ ಬಿಚ್ಚಿ ಸುತ್ತಿ, ಅದಕ್ಕೆ ದಾರ ಕಟ್ಟಿ ಬಿಟ್ಟೆ. ತುಂಡಾಯ್ತು! ನೀರು ಸೇದಿ ನಿಂಗೇ ಕೊಡೋಣ ಅಂತಿದ್ದೆ!"

ಓಬಕ್ಕ ಏನು ಬಯ್ಯುತ್ತಾಳೋ ಎಂದು ಊರು ಕಾದಿತ್ತು. ಅವಳು ಕೊಡ ನೋಡಲಿಲ್ಲ, ಬಾವಿ ನೋಡಿದಳಂತೆ. ಆ ಬಾವಿಗೆ ಆಗ ಕಟ್ಟೆ ಇರಲಿಲ್ಲ ಎಂಬುದು ಅವಳಿಗೆ ನೆನಪಾಗಿತ್ತು. ತಂಗಿಯ ರಟ್ಟೆ ಹಿಡಿದು ದರದರನೆ ಹಿಂದಕ್ಕೆ ಎಳೆದಳು.

"ಇಷ್ಟುದ್ದದವಳು ಬಾವಿಗೆ ಬಗ್ಗಿದ್ಯಾ? ಬಿದ್ದಿದ್ರೆ ಏನೇ ಗತಿ, ಮಳ್ಳಿ!"

ಅಂದು ಹಿಡಿದ ರಟ್ಟೆಯನ್ನು ಮನೆ ಸೇರುವವರೆಗೆ ಬಿಡಲಿಲ್ಲವಂತೆ.

ತಿಪ್ಪಕ್ಕ ಹೋಗಿ ಎಷ್ಟೋ ತಲೆಮಾರಾಯಿತು. ಗರಡಿ ಇನ್ನೂ ಇದೆ; ನಾನೇ ಹೋಗಿ ಎಣಿಸಿದೆ, ಉಳಿದಿರುವುದು ಐದು ಕೊಕ್ಕೆ. ಅದನ್ನು ಒಯ್ಯುವವರು ಇಂದಿಗೂ ಚೊಂಬು ಇಡುವುದಿಲ್ಲ, ಚಿಕ್ಕಂದಿನಲ್ಲಿ ಕಳೆದದ್ದನ್ನು ಹೇಳಿಟ್ಟು ಒಯ್ಯುತ್ತಾರೆ. ಮನೆಯಲ್ಲಿ ಏನಾದರೂ ಕಾಣೆಯಾದರೆ ಯಾರ ಹೆಸರನ್ನೂ ಎತ್ತುವ ಮೊದಲು ಬಾವಿಗೆ ಗರಡಿ ಬಿಡುತ್ತಾರೆ. ಗರಡಿ ನೀರು ಮುಟ್ಟುವಾಗ ಅಲ್ಲಿರುವ ಅಕ್ಕಂದಿರೆಲ್ಲ ತಮ್ಮ ತಂಗಿಯರ ರಟ್ಟೆ ಹಿಡಿದು ನಿಲ್ಲುತ್ತಾರೆ, ತಲೆ ನರೆತವರೂ.